ಬಿಸಿ ಪೋಡಿ ಬೇಕಾದವರು ಒಳಗೆ ಬನ್ನಿ

ಮದುವೆಯಾಗಿ ಮೊದಲ ಚೌತಿಗೆ ನನ್ನ ಮಾಮಿ, ಅಂದರೆ ಗಂಡನ ತಾಯಿ, ನೆಂಟರೆಲ್ಲ ಕೇಳುವ ಹಾಗೆ ಹೇಳಿದರು: "ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಒಂದು ಜೀಗುಜ್ಜೆ ಪೋಡಿ ಕಾಯಿಸ್ಲಿಕ್ಕೂ ಇವಳಿಂದ ಆಗ್ಲಿಕ್ಕಿಲ್ಲ."

"ನಾನೇ ಕಾಯಿಸ್ತೇನೆ" ಎಂದು ಸಟ್ಟುಗ ಕಿತ್ತುಕೊಂಡೆ. ಮತ್ತೆ ಅದನ್ನು ವಾಪಸು ಕೇಳಿದವರಿಲ್ಲ. ಪೋಡಿ ಅಂದರೆ ಕಡಲೆಹಿಟ್ಟಿನ ಬಜ್ಜಿ, ಜೀಗುಜ್ಜೆ ಅಂದರೆ ಸಣ್ಣ ಹಲಸಿನ ಹಾಗಿನ ಕಾಯಿ. ಆ ಮನೆಯ ಕ್ರಮ ಹೀಗೆ: ಉಣ್ಣುವವರ ಎಲೆಗೆ ಪೋಡಿ ಬಿಸಿಯಾಗಿಯೇ ಬೀಳಬೇಕು, ಕಾಯಿಸುವವಳು ಎಲ್ಲರೂ ಎದ್ದ ಮೇಲೆ ಉಣ್ಣಬೇಕು. ಎಷ್ಟು ಚೌತಿ ಕಳೆದರೂ ನನ್ನ ಎಲೆಗೆ ಒಂದು ಬಿಸಿ ಪೋಡಿ ಬೀಳಲಿಲ್ಲ. ಆದರೆ ನಗುವಿಗೆ ಕೊರತೆ ಇರಲಿಲ್ಲ. ಬಾಣಲೆ ಇಟ್ಟಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಉಪ್ಪು

ದೇವರಿಗೆ ಬಡಿಸುವ ಮೊದಲು ರುಚಿ ನೋಡುವ ಹಾಗಿಲ್ಲ. ಒಂದು ವರ್ಷ ಹಿಟ್ಟಿಗೆ ನಾನು ಉಪ್ಪು ಹಾಕಿದೆ. ಮರೆತಿರಬಹುದೆಂದು ಮಾಮಿ ಹಾಕಿದರು. ಇಬ್ಬರನ್ನೂ ನಂಬದೆ ನಾದಿನಿಯೂ ಹಾಕಿದಳು. ಮಾವ ಒಂದು ತುಂಡು ಬಾಯಿಗಿಟ್ಟು ನೀರಿನ ಚೊಂಬನ್ನೇ ಎತ್ತಿದರು.

"ದೇವರೇ ಎಂತ ಹೇಳ್ಲಿಲ್ಲ, ನಿಮ್ಮದೆಂತ?" ಎಂದು ಮಾಮಿ ಗದರಿದರು. ಆಮೇಲೆ ಒಳಗೆ ಬಂದು ನನ್ನ ಕಿವಿಯಲ್ಲಿ, "ದೇವರು ತಿನ್ನುವುದಿಲ್ಲ ಅಂತ ಹೀಗೆ ಮಾಡುವುದಾ?"

ಪುಸ್ತಕ

ನನಗೆ ಓದುವ ಹುಚ್ಚು. ಒಮ್ಮೆ ಒಲೆಯ ಪಕ್ಕ ಲೈಬ್ರರಿ ಪುಸ್ತಕ ಇಟ್ಟುಕೊಂಡಿದ್ದೆ, ಒಂದು ಪೋಡಿ ಕರಟಿತು. ಮಾಮಿ ಅದನ್ನೆತ್ತಿ ಎಲ್ಲರಿಗೂ ತೋರಿಸಿದರು: "ನೋಡಿ, ಇದು ಓದಿದವರ ಪೋಡಿ." ಮುಂದಿನ ವರ್ಷ ಒಂದೂ ಕರಟಲಿಲ್ಲ. "ಓದುವುದು ಬಿಟ್ಟಳು, ಕೈ ಸರಿಯಾಯ್ತು" ಎಂದರು.

ಆ ವರ್ಷ ಕಡಲೆಹಿಟ್ಟಿನ ಡಬ್ಬದ ಹಿಂದೆ ಅಡಗಿಸಿಟ್ಟು ಓದಿದ್ದೆ.

ಕಾಳಜಿ

ಇನ್ನೊಂದು ಚೌತಿಗೆ, ಪಂಕ್ತಿಯ ನಡುವೆಯೇ ಗಂಡ ಎದ್ದು ಅಡುಗೆಮನೆಗೆ ಬಂದರು. ಮೆಲ್ಲಗೆ ಕೇಳಿದರು: "ನಿನಗೆ ಪೋಡಿ ಉಳಿದದ್ದು ಉಂಟಾ?"

ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ಸಟ್ಟುಗ ಕೆಳಗಿಟ್ಟೆ. "ಇಲ್ಲ, ಎಲ್ಲ ಮುಗಿಯಿತು" ಎಂದೆ.

"ಛೆ ಮಾರಾಯ್ತಿ, ನನಗೆ ಇನ್ನೊಂದು ಬೇಕಿತ್ತು."

ಮೇಲಿನ ಮನೆಯವರು

ಹೊಲಿಗೆ ಮಷಿನು ತುಳಿದು ತುಳಿದು ಪೇಟೆಯ ಕೊಟ್ಟಾರದಲ್ಲಿ ಫ್ಲ್ಯಾಟ್ ತೆಗೆದುಕೊಂಡೆ. ಮೊದಲ ಚೌತಿ ನನ್ನ ಮನೆಯಲ್ಲೇ ಎಂದು ಎಲ್ಲರನ್ನೂ ಕರೆದೆ. ಹಿಂದಿನ ದಿನ ಹಿಟ್ಟಿನ ಹದ ನೋಡಲು ನಾಲ್ಕು ಹೋಳು ಬಾಣಲೆಗೆ ಬಿಟ್ಟಿದ್ದೆ, ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ಮುಸ್ಲಿಂ ಹೆಂಗಸು, ಬ್ಯಾರಿಯವರು.

"ಎಂತ ಅಕ್ಕ, ಮೇಲೆ ಪರಿಮಳ ಮಾತ್ರ ಕಳಿಸುವುದಾ?"

ಒಲೆಯ ಬುಡದಲ್ಲೇ ನಿಂತು ಊದಿ ಊದಿ ತಿಂದರು. "ಇದು ಹೀಗೇ ತಿನ್ನಬೇಕು. ನೀವೂ ತಿನ್ನಿ, ಯಾರಿಗೆ ಕಾಯ್ತೀರಿ?" ಎಂದರು. ತಿಂದೆ, ಬಾಯಿ ಸುಟ್ಟುಕೊಂಡೆ. ಅಭ್ಯಾಸ ಇರಲಿಲ್ಲ.

ಕ್ಯೂ

ಮರುದಿನ ಪೂಜೆಯಾಯಿತು, ಎಲ್ಲರೂ ಎಲೆಯ ಮುಂದೆ ಕುಳಿತರು. ಅನ್ನ, ಪಲ್ಯ, ಪಾಯಸ ಎಲ್ಲ ಬಡಿಸಿ ನಾನು ಒಲೆಯ ಹತ್ತಿರ ನಿಂತೆ. ಹಾಲ್‌ನಿಂದ ಮಾಮಿಯ ಸ್ವರ: "ಪೋಡಿ ಎಲ್ಲಿ?"

"ಇಲ್ಲಿ ಉಂಟು. ಬಿಸಿ ಬೇಕಾದವರು ಒಳಗೆ ಬನ್ನಿ. ನಾನೂ ತಿನ್ತಾ ಇದ್ದೇನೆ."

ನಾನು ಇನ್ನೊಂದು ಪೋಡಿ ತೆಗೆದುಕೊಂಡೆ. ಗರಿಗರಿ ಆಗಿತ್ತು.

ಮೊದಲು ಬಂದದ್ದು ಮಾವ. ದೊಡ್ಡ ಜಮೀನಿನ ಗುತ್ತಿನ ಮನೆಯ ಯಜಮಾನರು, ಒಂದು ಕಾಲದಲ್ಲಿ ಗದ್ದೆಗಿಳಿದರೆ ಕೊಡೆ ಹಿಡಿಯಲು ಆಳು ಇದ್ದವರು. ಸಾರು ಚೆಲ್ಲದ ಹಾಗೆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಿದ್ದರು. ಅವರ ಹಿಂದೆ ಎಲೆ ಹಿಡಿದ ನಾದಿನಿ, ನಾದಿನಿಯ ಗಂಡ, ಕೊನೆಗೆ ನನ್ನ ಗಂಡ, ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ. ಪೋಡಿ ಎಲೆಗೆ ಹಾಕಿದೆ. ತಿನ್ನಲು ಮಾವನಿಗೆ ಕೈ ಎಲ್ಲುಂಟು?

"ಬಾಯಿಗೇ ಹಾಕು ಮಾರಾಯ್ತಿ, ಆರಿ ಹೋಗ್ತದೆ" ಎಂದು ಬಾಯಿ ತೆರೆದರು. ಹಾಕಿದೆ. ಹಿಂದಿದ್ದವರೂ ಒಬ್ಬೊಬ್ಬರಾಗಿ ಬಾಯಿ ತೆರೆದರು.

ಮಾಮಿ ಏಳಲಿಲ್ಲ. ಪೋಡಿ ಇಲ್ಲದೆಯೇ ಉಂಡು, ಎಲೆ ಮಡಚಿ, "ರಿಕ್ಷಾ ಕರೀರಿ" ಎಂದರು.

ಈಗ ಹಂಪನಕಟ್ಟೆಯಲ್ಲಿ ನನ್ನ ಹೊಲಿಗೆ ಅಂಗಡಿ ಉಂಟು, ಕೊಟ್ಟಾರದಲ್ಲಿ ನನ್ನ ಹೆಸರಿನ ಮನೆ ಉಂಟು, ಚೌತಿಗೆ ಹೊಟ್ಟೆ ತುಂಬ ಬಿಸಿ ಪೋಡಿ ಉಂಟು. ಅದಕ್ಕೆ ತೆತ್ತದ್ದು ಇಷ್ಟು: ಹಬ್ಬಕ್ಕೆ ಮಾಮಿಯ ಮಾತು ಮೀರಿ ಆ ಮನೆಯವರು ಯಾರೂ ಬರುವುದಿಲ್ಲ, ಗಂಡನೂ ಆ ದಿನ ತಾಯಿಯ ಮನೆಯಲ್ಲೇ ಉಣ್ಣುತ್ತಾರೆ.