ಹಿಂದಿನ ಸೀಟಿನ ಬ್ಯಾಟರಿ ಸಾಹೇಬರ ಸನ್ನಿಧಿಗೆ

ಕಿತ್ತೂರು,
೨೭ ಮೇ ೨೦೦೪

ಮಾನ್ಯರೇ,

ಸೂರ್ಯ ಎಲ್ಲರಿಗಿಂತ ಮೊದಲು ಹಲ್ಲುಜ್ಜುವ ಜಪಾನ್ ದೇಶದಲ್ಲಿ ಜನಿಸಿ, ಹಡಗಿನ ಹೊಟ್ಟೆಯೊಳಗೆ ಕಡಲು ದಾಟಿ, ಗೋವೆಯ ದಂಡೆಯಲ್ಲಿ ಪಾದಾರ್ಪಣೆ ಮಾಡಿ, ಘಟ್ಟವೇರಿ ಬಂದು ಕಿತ್ತೂರಿನ ಪೇಟೆ ಓಣಿಯ ನನ್ನ ತಗಡಿನ ಚಪ್ಪರದ ಕೆಳಗೆ ಬಿಜಯಂಗೈದಿರುವ, ಪೆಟ್ರೋಲ್ ಎಂಜಿನ್ನಿನೊಡನೆ ಅರ್ಧ ಸಿಂಹಾಸನ ಹಂಚಿಕೊಂಡು ‘ಹೈಬ್ರಿಡ್’ ಎಂಬ ಬಿರುದು ಧರಿಸಿರುವ, ಆದರೂ ಈವರೆಗೆ ಯಾರಿಗೂ ಮುಖ ತೋರಿಸದ ಬ್ಯಾಟರಿ ಸಾಹೇಬರೇ, ನಾಟಕದ ಪರದೆ, ಕಿರೀಟ, ಗದೆ, ಗಡ್ಡಮೀಸೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ಕಲ್ಮೇಶನೆಂಬ ಸೇವಕನ ಸಾಷ್ಟಾಂಗ ಪ್ರಣಾಮಗಳನ್ನು ಸ್ವೀಕರಿಸಬೇಕು. ನಾವು ಕ್ಷೇಮ. ತಾವೂ ನಿನ್ನೆಯಿಂದ ಕ್ಷೇಮವೆಂದು ಟ್ರ್ಯಾಕ್ಟರ್ ಮೆಕ್ಯಾನಿಕ್ ಸತ್ಯಪ್ಪ ತಿಳಿಸಿದ್ದಾನೆ. ಈ ನಾಲ್ಕು ಮಾತನ್ನು ಚಪ್ಪರದ ಕೆಳಗೆ ತಮ್ಮ ಕಿವಿಯಲ್ಲಿಯೇ ಹೇಳಬಹುದಿತ್ತು. ಆದರೆ ನನ್ನ ಮಾನ ಹೋದದ್ದು ಎಂಟುನೂರು ಮಂದಿಯ ಎದುರಿಗೆ ಆದ್ದರಿಂದ, ಅಷ್ಟು ಮಂದಿಗಾದರೂ ಕೇಳಿಸುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ. ನಮ್ಮ ಸೀಮೆಯ ಬ್ಯಾಟರಿಗಳೆಂದರೆ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಬಿಸಿಯುಸಿರಿನ ಪಕ್ಕದಲ್ಲಿ, ಎಣ್ಣೆ ಧೂಳು ಮೆತ್ತಿಸಿಕೊಂಡು, ತಿಂಗಳಿಗೊಮ್ಮೆ ಒಂದು ಗುಟುಕು ನೀರು ಕುಡಿದು ಸೇವೆ ಸಲ್ಲಿಸುವ ಬಡಪಾಯಿಗಳು. ತಾವು ಹಾಗಲ್ಲ. ತಾವು ಹಿಂದಿನ ಸೀಟಿನ ಬೆನ್ನಿಗೆ, ಬೀಗರನ್ನು ಕೂಡಿಸುವ ಜಾಗದಲ್ಲಿ, ಒರಗಿಕೊಂಡು ಪಯಣಿಸುವವರು. ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ ತಮಗೆಂದೇ ಒಂದು ಜಾಳಿಗೆ. ಅದೇ ತಮ್ಮ ಮೂಗು. ಅದರ ಮೂಲಕ, ನಾವು ಎ.ಸಿ. ಹಾಕಿ ತಂಪು ಮಾಡಿಕೊಂಡ ಗಾಳಿಯನ್ನು ತಾವು ಮೊದಲು ಸೇವಿಸಿ, ಉಳಿದದ್ದನ್ನು ನಮಗೆ ಬಿಡುತ್ತೀರಿ. ಮೇ ತಿಂಗಳ ರಾಮದುರ್ಗದಲ್ಲಿ ನನ್ನ ಹೆಂಡತಿ ಕೃಷ್ಣವ್ವ ಬೀಸಣಿಗೆ ಬೀಸಿಕೊಳ್ಳುತ್ತ, “ಏನ್ರೀ, ನಿಮ್ಮ ಬ್ಯಾಟರಿಗೆ ಇರೋ ಸುಖಾ ನನಗ ಇಪ್ಪತ್ತು ವರ್ಷದಾಗ ಒಂದ ದಿನಾ ಇಲ್ನೋಡ್ರಿ,” ಎಂದು ಹೇಳಿದ್ದು ತಮ್ಮ ಜಾಳಿಗೆಗೂ ಬಿದ್ದಿರಬೇಕು.

ತಮ್ಮ ಮೌನವಂತೂ ಋಷಿಗಳನ್ನು ನಾಚಿಸುವಂಥದ್ದು. ಗಾಡಿ ನಿಂತೊಡನೆ ಎಂಜಿನ್ನಿನ ಬಾಯಿ ಮುಚ್ಚಿಸಿ, ತಾವೊಬ್ಬರೇ ಸದ್ದಿಲ್ಲದೆ ಆಡಳಿತ ವಹಿಸಿಕೊಳ್ಳುತ್ತೀರಿ. ಆದರೆ ಬೈಲಹೊಂಗಲದ ಮಂದಿ ಪರೋಪಕಾರಿಗಳು, ಸಾಹೇಬರೇ. ನಡುಬಜಾರದಲ್ಲಿ ಸದ್ದು ನಿಂತ ಗಾಡಿಯನ್ನು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. “ಬಂದ್ ಬಿದ್ದೈತಿ, ದೂಡ್ರಿಪಾ!” ಎಂದು ಒಬ್ಬನು ಕೂಗಿದರೆ ಸಾಕು, ಕಾಯಿಪಲ್ಯೆಯವರು, ಚಹಾ ಕುಡಿಯುತ್ತಿದ್ದವರು, ಬಸ್ಸಿಗೆ ನಿಂತವರು ಎಲ್ಲರೂ ಹೆಗಲು ಕೊಟ್ಟುಬಿಡುತ್ತಾರೆ. ನಾನು ಒಂದು ಜತೆ ಚಪ್ಪಲಿ ಕೊಳ್ಳಲೆಂದು ನಿಲ್ಲಿಸಿದ ಗಾಡಿಯನ್ನು ಹೀಗೆಯೇ ಒಮ್ಮೆ ಬಸ್ ಸ್ಟ್ಯಾಂಡಿನ ತನಕ ತಲುಪಿಸಿ, ಬೆವರೊರೆಸಿಕೊಂಡು, ನನ್ನಿಂದ ಚಹಾ ಕುಡಿದು ಹೋದರು. ಚಪ್ಪಲಿ ಈವರೆಗೆ ಕೊಂಡಿಲ್ಲ. ಇದಾವುದನ್ನೂ ನಾನು ದೂರಿನ ಪಟ್ಟಿಗೆ ಸೇರಿಸುತ್ತಿಲ್ಲ. ನನ್ನ ದೂರು ಒಂದೇ, ಅದು ರುಮಾಲಿನದು.

ಜಪಾನಿನಲ್ಲಿ ರುಮಾಲಿನ ಪದ್ಧತಿ ಇದೆಯೋ ಇಲ್ಲವೋ ನಾನರಿಯೆ. ಆದ್ದರಿಂದ ವಿವರಿಸುವುದು ನನ್ನ ಧರ್ಮ. ನಮ್ಮಲ್ಲಿ ಮದುಮಗಳನ್ನು ಹಂದರಕ್ಕೆ ಕರೆತರುವ ಹಕ್ಕು ಸೋದರಮಾವನದು. ಅಕ್ಕಿಕಾಳು ಬಿದ್ದ ಮೇಲೆ ಆಯಾರದ, ಅಂದರೆ ಉಡುಗೊರೆ ಕೊಡುವ ಹೊತ್ತಿನಲ್ಲಿ, ಕೂಡಿದ ಸಭೆಯ ನಡುವೆ ಅವನನ್ನು ಮಣೆಯ ಮೇಲೆ ಕೂಡಿಸಿ ತಲೆಗೆ ಜರಿಯಂಚಿನ ರುಮಾಲು ಸುತ್ತುತ್ತಾರೆ. ಬಾಡಿಗೆಯ ಕಿರೀಟಗಳನ್ನು ನಾನು ನೂರಾರು ತಲೆಗಳಿಗೆ ಇಟ್ಟಿದ್ದೇನೆ, ಸಾಹೇಬರೇ, ನನ್ನ ತಲೆಗೂ ಇಟ್ಟುಕೊಂಡಿದ್ದೇನೆ; ಆದರೆ ಬೆಳಗಾದರೆ ತೆಗೆದು ಪೆಟ್ಟಿಗೆಗೆ ತುಂಬಬೇಕಾದ ಅಗತ್ಯವಿಲ್ಲದ್ದು ಆ ರುಮಾಲು ಒಂದೇ. ರಾಮದುರ್ಗಕ್ಕೆ ಕೊಟ್ಟ ನನ್ನ ಅಕ್ಕ ಸಾವಿತ್ರೆವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆಯ ದಿನ ನಾನು ಪರದೆಗಳ ಗಂಟು ಹೊತ್ತು ಬೇರೊಂದು ಊರಿನ ನಾಟಕಕ್ಕೆ ಹೋಗಿದ್ದೆ. ನನ್ನ ರುಮಾಲು ದೂರದ ಸಂಬಂಧದ ಯಾರದೋ ತಲೆಗೆ ಹೋಯಿತು. ಅಕ್ಕ ಮೂರು ವರ್ಷ ನನ್ನೊಡನೆ ಮಾತು ಬಿಟ್ಟಳು. ಉಳಿದವಳು ಗಂಗಾ. ಅಂದರೆ ನನ್ನ ಪಾಲಿಗೆ ಈ ಭೂಮಂಡಲದಲ್ಲಿ ಉಳಿದಿದ್ದದ್ದು ಒಂದೇ ಒಂದು ರುಮಾಲು.

ಗಂಗಾಳನ್ನು ಬೈಲಹೊಂಗಲಕ್ಕೆ ಕೊಡುವುದೆಂದು ನಿಶ್ಚಯವಾದಾಗ ವರನ ದೊಡ್ಡಪ್ಪ ಪರಸಪ್ಪನವರು, “ನಮ್ಮ ಜೀಪ್ ಕಳಸತೇವಿ ತಗೋರಿ, ಗಟ್ಟಿಮುಟ್ಟ ಗಾಡಿ ಐತಿ,” ಎಂದಿದ್ದರು. ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಸಾಮಾನ್ಯವಾಗಿ ನಾಲ್ಕನೆಯ ಅಂಕಕ್ಕೆಂದು ಉಳಿಸಿಕೊಳ್ಳುವ ಧ್ವನಿಯಲ್ಲಿ, ನನ್ನ ಸೊಸೆ ಬರುವುದಾದರೆ ಜಪಾನಿನ ಗಾಡಿಯಲ್ಲಿ ಬರುತ್ತಾಳೆ, ಇಲ್ಲವಾದರೆ ಈ ಕಲ್ಮೇಶ ಆ ಹಂದರದಲ್ಲಿ ಮುಖ ತೋರಿಸುವುದಿಲ್ಲ ಎಂದು ಸಾರಿದೆ. ಆ ಧ್ವನಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ನಮ್ಮ ರಂಗಭೂಮಿಯಲ್ಲಿಲ್ಲ.

ಇದೇ ತಿಂಗಳ ಇಪ್ಪತ್ತಮೂರು, ರವಿವಾರ. ಅಕ್ಕಿಕಾಳು ಮಧ್ಯಾಹ್ನ ಹನ್ನೆರಡು ಮೂವತ್ತೊಂದಕ್ಕೆ. ಉಳಿದವರೆಲ್ಲ ಬಸ್ಸಿನಲ್ಲಿ ಮುಂದೆ ಹೋದರು. ನಾನು, ಅಕ್ಕ, ಕೃಷ್ಣವ್ವ ಮತ್ತು ಮದುಮಗಳು ಗಂಗಾ ಬೆಳಗಿನ ತಂಪಿನಲ್ಲಿ ರಾಮದುರ್ಗ ಬಿಟ್ಟೆವು. ತೊರಗಲ್ಲಿನ ಕೋಟೆಯ ಕೆಳಗೆ ತಾವು ಹರಿದ ಪರಿಯನ್ನು ಕಂಡು ಕುರಿ ಕಾಯುವವರೂ ಕೈಯೆತ್ತಿದರು. ಸವದತ್ತಿಯಲ್ಲಿ ಗುಡ್ಡ ಹತ್ತಿ ತಾಯಿಗೆ ಉಡಿ ತುಂಬಿಸಿದೆವು. ಅರಿಶಿಣದ ಭಂಡಾರ ಹಾರಿಸಿದರು, ನಮಗೂ ಮೆತ್ತಿದರು, ಗಾಡಿಗೂ ಮೆತ್ತಿದರು. ಅಕ್ಕನು ಪ್ರಸಾದವೆಂದು ಒಂದು ಬುಟ್ಟಿ ತುಂಬ ಭಂಡಾರ ತಂದು, ಕಾಲ ಬಳಿ ಇಡಬಾರದೆಂಬ ಭಕ್ತಿಯಿಂದ, ಗಾಡಿಯೊಳಗೆ ಅತಿ ಎತ್ತರದ ಪವಿತ್ರ ಸ್ಥಳವನ್ನು ಹುಡುಕಿ, ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ, ಸರಿಯಾಗಿ ತಮ್ಮ ಮೂಗಿನ ಮೇಲೆ ಇಟ್ಟಳು. ಬುಟ್ಟಿ ಬಿದಿರಿನದು. ತಾವು ಉಸಿರೆಳೆದಿರಿ. ದೇವಿಯ ಭಂಡಾರ ಬೇಡವೆನ್ನುವ ಧೈರ್ಯ ತಮಗೂ ಆಗಲಿಲ್ಲವೆಂದು ಕಾಣುತ್ತದೆ, ಎಳೆದೇ ಎಳೆದಿರಿ.

ಬೈಲಹೊಂಗಲ ಇನ್ನು ಎಂಟು ಮೈಲಿ ಇರುವಾಗ, ನನ್ನ ಕಣ್ಣೆದುರಿನ, ಸ್ಪೀಡು ತೋರಿಸುವ ಗಾಜಿನೊಳಗೆ ಒಂದು ಆಮೆ ಬೆಳಗಿತು! ನಾನು ಸುಳ್ಳು ಹೇಳುತ್ತಿಲ್ಲ, ಮಹಾಜನರೇ; ನಾಲ್ಕು ಕಾಲು, ಬೆನ್ನ ಮೇಲೆ ಚಿಪ್ಪು, ಅರಿಶಿಣದ ಬಣ್ಣದ ಪುಟ್ಟ ಆಮೆ. ತಮ್ಮ ಶಕ್ತಿ ಉಡುಗುತ್ತಿದೆ, ಗಾಡಿ ಇನ್ನು ಆಮೆಯಾಗಲಿದೆ ಎಂದು ತಾವು ಕಳಿಸಿದ ಸಂದೇಶ ಅದು ಎಂಬುದು ಇಂದು ನನಗೆ ತಿಳಿದಿದೆ. ಆದರೆ ಅಂದು ಅದನ್ನು ಮೊದಲು ಕಂಡವಳು ನನ್ನ ಅಕ್ಕ.

“ಏ ಕಲ್ಮೇಶಾ, ಆಮಿ ನೋಡೋ, ಆಮಿ! ಗುಡಿಯಾಗ ನಂದಿ ಮುಂದ ಇರತೈತಲ್ಲ, ಅದ! ತಾಯಿ ನಮ್ಮ ಬೆನ್ನ ಹತ್ತಿ ಬಂದಾಳ. ಮದವಿ ಸುಸೂತ್ರ ಆಕ್ಕೈತಿ ಬಿಡು!”

ಕೃಷ್ಣವ್ವ ಮೆಲ್ಲಗೆ, “ಅಕ್ಕಾರ, ಹಿಂಗ ದೀಪಾ ಹತ್ತಿದ್ರ ಗಾಡಿಗೆ ಏನರ ಆಗಿರತೈತಿ ಅಂತಾರಲ್ರಿ,” ಎಂದು ನೋಡಿದಳು.

“ಕೆಟ್ಟದ್ದಾದ್ರ ಕೆಂಪು ಹತ್ತತಿತ್ತು. ಇದು ಅರಿಶಿಣ. ಇಷ್ಟೂ ತಿಳಿಯೂದಿಲ್ಲೇನ ನಿನಗ?” ಎಂದವಳೇ ಅಕ್ಕ ಮುಂದಕ್ಕೆ ಬಾಗಿ, ಆಮೆಗೆ ಕುಂಕುಮ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಆ ಗಾಜಿನಲ್ಲಿ ನನಗೆ ಕುಂಕುಮವಲ್ಲದೆ ಮತ್ತೇನೂ ಕಾಣಲಿಲ್ಲ.

ಇಲ್ಲಿ ಒಂದು ವಿನಂತಿ. ತಮ್ಮ ದೇಶದ ಪಂಡಿತರು ಆ ದೀಪದಲ್ಲಿ ಆಮೆಯ ಬದಲು ಬೆಕ್ಕನ್ನು ಬರೆದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಬೆಕ್ಕು ಅಡ್ಡ ಬಂತೆಂದು ಅಕ್ಕ ಅಲ್ಲಿಯೇ ಗಾಡಿ ನಿಲ್ಲಿಸುತ್ತಿದ್ದಳು, ಎಲ್ಲರೂ ಕೆಳಗಿಳಿದು, ನೀರು ಕುಡಿದು, ಅರ್ಧ ತಾಸು ಬೇವಿನ ಗಿಡದ ಕೆಳಗೆ ಕೂಡುತ್ತಿದ್ದೆವು, ಬುಟ್ಟಿಯೂ ಇಳಿಯುತ್ತಿತ್ತು, ತಾವೂ ತಣ್ಣಗಾಗುತ್ತಿದ್ದಿರಿ. ಒಂದು ಪ್ರಾಣಿಯ ಆಯ್ಕೆಯಲ್ಲಿ ಎಡವಿ ಒಂದು ವಂಶದ ಮಾನ ಕಳೆದ ಎಂಜಿನಿಯರರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆಮೆ ತನ್ನ ಮಾತಿಗೆ ತಪ್ಪಲಿಲ್ಲ. ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಬಹಳ ಹೊತ್ತು ಪಕ್ಕದಲ್ಲಿಯೇ ಬಂದು, ಕಿಟಕಿಯೊಳಗೆ ಇಣುಕಿ, “ಮೆರವಣಿಗಿ ಏನ್ರೀ? ಬಾಜಾದವರು ಹಿಂದ ಉಳದಾರೇನ್ರಿ?” ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಮುಂದೆ ಹೋದನು. ಊರು ಒಂದು ಮೈಲಿ ಇರುವಾಗ, ಏರಿನ ಬುಡದಲ್ಲಿ, ಹನ್ನೆರಡಕ್ಕೆ ಐದು ನಿಮಿಷವಿರಲು, ತಾವು ಸಮಾಧಿಸ್ಥರಾದಿರಿ; ತಮ್ಮ ಅಪ್ಪಣೆಯಿಲ್ಲದೆ ಎಂಜಿನ್ನೂ ಬಾಯಿ ತೆರೆಯಲಿಲ್ಲ. ಬಜಾರದಲ್ಲಿ ಬೇಡವೆಂದರೂ ದೂಡುವ ಮಂದಿಯಲ್ಲಿ ಒಬ್ಬನಾದರೂ ಆ ಏರಿನಲ್ಲಿರಲಿಲ್ಲ.

ಸ್ಟೇರಿಂಗ್ ಹಿಡಿಯುವವನು ಒಳಗಿರಲೇಬೇಕು, ಇದು ಶಾಸ್ತ್ರ. ಆದ್ದರಿಂದ ನಾನು ಒಳಗಿದ್ದೆ. ಅಕ್ಕ, ಕೃಷ್ಣವ್ವ ಇಳಿದು ದೂಡತೊಡಗಿದರು. ಗಾಡಿ ಅಲುಗಲಿಲ್ಲ. ಆಗ ಗಂಗಾ ಹೂವಿನ ದಂಡಿಯನ್ನು ಒಂದು ಕೈಯಿಂದ ಹಿಡಿದುಕೊಂಡು ಇಳಿದಳು.

“ಏ ಹುಚ್ಚಿ, ಮದಮಗಳು ಗಾಡಿ ದೂಡತಾಳೇನ? ನೋಡಿದವರು ಏನಂದಾರು!” ಎಂದು ಅಕ್ಕ ಬಾಯಿ ಮಾಡಿದಳು.

“ಅವ್ವಾ, ನೋಡೋರಿದ್ರ ಅವರ್ನ ದೂಡಾಕ ಕರೀತಿದ್ದೆ. ಸರಿ ಆ ಕಡೆ.” ರೇಷ್ಮೆ ಸೀರೆಯ ಸೆರಗನ್ನು ಟೊಂಕಕ್ಕೆ ಸಿಕ್ಕಿಸಿ ಹೆಗಲು ಕೊಟ್ಟಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ವೀರರಸದಲ್ಲಿ ಅವರಿಗೆ ಹುರುಪು ತುಂಬುತ್ತಿದ್ದೆ. “ಮಾವಾ, ಉಸಿರು ಉಳಿಸ್ಕೋ, ಇಲ್ಲಾ ಇಳದ ದೂಡು,” ಎಂದಳು. ಉಳಿಸಿಕೊಂಡೆ. ಗಾಡಿ ಅಲುಗಿತು, ಉರುಳಿತು, ಏರಿತು.

ಏರಿನ ತುದಿಯಲ್ಲಿ ಪರಸಪ್ಪನವರು ಜೀಪ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕೈಯಲ್ಲಿ ಹಗ್ಗವಿತ್ತು. “ಜಪಾನದ ಗಾಡಿ ಅಂದ ಕೂಡಲೆ ಹಗ್ಗಾ ತೆಗದಿಟ್ಟಿದ್ನಿ,” ಎಂದರು. ಈ ಒಂದು ವಾಕ್ಯಕ್ಕೆ ಸರಿಸಮನಾದ ಸಂಭಾಷಣೆಯನ್ನು ನಾನು ಯಾವ ಖಳನಾಯಕನ ಬಾಯಲ್ಲಿಯೂ ಕೇಳಿಲ್ಲ. ಮುಂದೆಲ್ಲ ಇಳಿಜಾರು, ಸಾಹೇಬರೇ! ಕೈ ಬಿಟ್ಟರೂ ಗಾಡಿ ಹಂದರಕ್ಕೆ ಹೋಗುತ್ತಿತ್ತು. ಆದರೂ ಅವರು ಹಗ್ಗ ಬಿಗಿದರು, ಜೀಪ್ ಮುಂದೆ ನಡೆಯಿತು, ನಾನು ಅವರಿಗೆ ಢಿಕ್ಕಿಯಾಗದಂತೆ ಎರಡೂ ಕಾಲಲ್ಲಿ ಬ್ರೇಕ್ ಒತ್ತಿಕೊಂಡು, ಮುಗುಳ್ನಗುತ್ತ, ಎಂಟುನೂರು ಮಂದಿಯ ನಡುವೆ ಪ್ರವೇಶ ಮಾಡಿದೆ. ಹನ್ನೆರಡು ಇಪ್ಪತ್ತೆಂಟು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ಬೀಗಿತ್ತಿಯೊಬ್ಬಳು ಗಂಗಾಳ ಕೈ ನೋಡಿ, “ಅರಿಶಿಣ ನಿನ್ನೆನ ಮುಗದಿತ್ತಲ್ಲವಾ?” ಎಂದದ್ದು ಬಿಟ್ಟರೆ ಬೇರೆ ವಿಘ್ನವಿಲ್ಲ.

ಆಯಾರದ ಹೊತ್ತು ಬಂತು. ರುಮಾಲು ತಾಟಿನಲ್ಲಿತ್ತು, ಗುಲಾಬಿ ಬಣ್ಣದ್ದು, ಬೆರಳಗಲ ಜರಿ. ನಾನು ಮಣೆಯ ಮೇಲೆ ಕುಳಿತು ತಲೆ ತುಸು ಬಾಗಿಸಿದೆ. ಆಗ ಪರಸಪ್ಪನವರು ಎದ್ದರು. “ಅಯ್ಯನವರ, ಒಂದ ಮಾತು. ತಂದವರಿಗೆ ರುಮಾಲು ಅಂದ್ರ, ಎಳಕೊಂಡು ತಂದಾವ ನಾನು.” ನಾನೂ ಎದ್ದೆ. ಗಾಡಿ ನನ್ನದು, ಸ್ಟೇರಿಂಗ್ ನನ್ನದು, ಸೊಸೆ ನನ್ನವಳು ಎಂದು ಮೂರು ಸ್ಥಾಯಿಗಳಲ್ಲಿ ವಾದಿಸಿದೆ. ಬಾಜಾದವರು ನಿಲ್ಲಿಸಿ ಕೇಳಿದರು. ಮದುವೆ ಮಾಡಿಸಿದ ಬಸಯ್ಯನವರು ಗಡ್ಡ ನೀವಿಕೊಂಡು, ಇಬ್ಬರನ್ನೂ ಬಿಟ್ಟು ಗಂಗಾಳ ಕಡೆ ತಿರುಗಿದರು.

“ತಂಗಿ, ನೀ ಖರೇ ಹೇಳು. ನಿನ್ನ ಹಂದರಕ್ಕ ತಂದವರು ಯಾರು?”

“ಮಾವ ಸ್ಟೇರಿಂಗ್ ಹಿಡದಿದ್ದ್ರಿ. ಇವರು ಇಳಕಲದಾಗ ಹಗ್ಗಾ ಹಿಡದಿದ್ರು,” ಎಂದು ಗಂಗಾ ಎರಡೂ ಅಂಗೈ ತೋರಿಸಿದಳು. “ಏರದಾಗ ದೂಡಿದಾಕಿ ನಾನ್ರಿ.”

ಅಂಗೈ ತುಂಬ ಭಂಡಾರ, ರಸ್ತೆಯ ಧೂಳು. ಬಸಯ್ಯನವರು ನೋಡಿದರು, ನಕ್ಕರು. “ಹಂಗಾರ ಕೂಸು ತನ್ನ ತಾನ ತಂದ್ಕೊಂಡೈತಿ. ರುಮಾಲು ಆಕೀದು,” ಎಂದು ಅವಳ ಉಡಿಗೆ ಹಾಕಿಬಿಟ್ಟರು. ಎಂಟುನೂರು ಮಂದಿ ಹೊಡೆದ ಚಪ್ಪಾಳೆ ನನ್ನ ಜೀವಮಾನದ ಯಾವ ಪ್ರವೇಶಕ್ಕೂ ಬಿದ್ದಿಲ್ಲ. ತೀರ್ಪು ನನ್ನದೇ ಎಂದು ಮತ್ತೆ ಮಣೆಯ ಮೇಲೆ ತಲೆ ಬಾಗಿಸಿ ಕುಳಿತಿದ್ದವನು, ಅದನ್ನು ಎತ್ತುವುದು ಹೇಗೆಂದು ತಿಳಿಯದೆ, ಮಣೆಯ ಕೆಳಗೆ ಏನೋ ಬಿದ್ದಿದೆಯೆಂಬಂತೆ ಹುಡುಕುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಕೃಷ್ಣವ್ವ.

ಮೊನ್ನೆ ಸತ್ಯಪ್ಪ ಬಂದು ಸೀಟು ಬಿಚ್ಚಿ, ತಮ್ಮ ಮುಚ್ಚಳ ತೆಗೆದನು. ಒಳಗೆ ಫ್ಯಾನಿನ ರೆಕ್ಕೆ, ತಮ್ಮ ಕೋಣೆ, ಗೋಡೆ ಎಲ್ಲವೂ ಹಳದಿ. ಅವನು ಹಿಂದೆ ಸರಿದು, ಚಪ್ಪಲಿ ಬಿಟ್ಟು, ಕೈಮುಗಿದು, “ಯಜಮಾನ್ರ, ಇದು ಗಾಡಿ ಅಲ್ಲ, ಗರ್ಭಗುಡಿ. ಸ್ಪಾನರ್ ಹಚ್ಚಾಕ ಜೀವಾ ಒಲ್ಲೆ ಅಂತೈತಿ,” ಎಂದನು. ಒಂದು ತೆಂಗಿನಕಾಯಿ ಒಡೆದ ಮೇಲೆ ಜೀವ ಒಪ್ಪಿತು. ನಿನ್ನೆ ತಾವು ಕಣ್ಣು ತೆರೆದಿರಿ.

ಆದ ಕಾರಣ ತಮ್ಮಲ್ಲಿ ಅರಿಕೆ ಏನೆಂದರೆ, ತಾವು ಇನ್ನು ಮೇಲಾದರೂ ಸ್ವಲ್ಪ ಗುರುಗುಟ್ಟುವುದನ್ನು ಕಲಿಯಬೇಕು. ಅಕ್ಕ ಗಾಡಿ ಹತ್ತುವ ದಿನ ಮೂಗನ್ನು ಬೇರೆ ಕಡೆ ಇಟ್ಟುಕೊಳ್ಳಬೇಕು. ಸಮಾಧಿಗೆ ಹೋಗುವುದಿದ್ದರೆ ಏರಿನ ಬುಡದಲ್ಲಲ್ಲ, ತುದಿಯಲ್ಲಿ ಹೋಗಬೇಕು. ಮತ್ತು ಸಾಧ್ಯವಾದರೆ, ನನ್ನ ಅಕ್ಕನಿಗೆ ಈ ಐವತ್ತೇಳನೆಯ ವಯಸ್ಸಿನಲ್ಲಿ ಇನ್ನೊಬ್ಬ ಮಗಳನ್ನು ಕರುಣಿಸಿ, ಅವಳಿಗೆ ಮದುವೆಯ ವಯಸ್ಸಾಗುವ ತನಕ ಕೆಡದೆ ಉಳಿಯಬೇಕು. ಇಷ್ಟನ್ನು ನಡೆಸಿಕೊಟ್ಟರೆ ನಾನು ಮತ್ತೆ ದೂರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ, ಬೇರೆ ಗಾಡಿಯಿಲ್ಲದ ಕಾರಣಕ್ಕಾಗಿ,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಲ್ಮೇಶ
ಪರದೆ ಮತ್ತು ಕಿರೀಟಗಳ ಅಂಗಡಿ, ಕಿತ್ತೂರು

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಗಂಗಾ ಗಂಡನೊಡನೆ ಬಂದಳು. ಕೈಯಲ್ಲಿ ಆ ಗುಲಾಬಿ ರುಮಾಲು. ನಾನು ಕೂಡಲೇ ತಲೆ ಬಾಗಿಸಿದೆ. ಅವಳು ನನ್ನನ್ನು ದಾಟಿ ಹೋಗಿ, ಗಾಡಿಯ ಬಾಗಿಲು ತೆರೆದು, ರುಮಾಲನ್ನು ತಮ್ಮ ಜಾಳಿಗೆಯ ಮೇಲೆ ಒಂದೇ ಪದರ ಹಾಸಿ, ಸುತ್ತಲೂ ಸೂಜಿದಾರದಿಂದ ಹೊಲಿದು, “ಗಾಳಿ ಹೋಗ್ಲಿ, ಭಂಡಾರ ಬ್ಯಾಡ,” ಎಂದು ಚಹಾ ಕುಡಿದು ಹೋದಳು. ತಮಗೆ ಒಪ್ಪುತ್ತದೆ, ಸಾಹೇಬರೇ. ಜರಿ ಮುಂದಕ್ಕೆ ಬಂದಿದೆ. ಮುಂದೆ ಯಾರಾದರೂ ಬಂದು ಸೋದರಮಾವ ಎಲ್ಲಿ ಎಂದು ಕೇಳಿದರೆ, ದಯವಿಟ್ಟು ತಾವೇ ಓಗೊಡಬೇಕು.