ಒಂಬತ್ತನೇ ತರಗತಿಯ ಚೌಟ ರಾಜ್ಯ

ಸಮಾಜ ವಿಜ್ಞಾನ ಕಲಿಸುವವರಿಗೆ ನಗುವಿಗೆ ಬರವೆಂಬುದು ಇಲ್ಲ. ನಾವು ಎಷ್ಟೇ ಗಂಭೀರವಾಗಿ ಪಾಠ ಮಾಡಲಿ, ಅದು ಮಕ್ಕಳ ತಲೆಯೊಳಗೆ ಹೊಕ್ಕು ಬೇರೆಯೇ ವೇಷ ಹಾಕಿಕೊಂಡು ಹೊರಗೆ ಬರುತ್ತದೆ. ಸಿದ್ಧಕಟ್ಟೆಯ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಕಳೆದ ವರ್ಷ ಅದು ಒಂದು ಆಟದ ವೇಷದಲ್ಲಿ ಬಂತು.

ಪೋರ್ಚುಗೀಸರು ಕರಾವಳಿಗೆ ಬಂದ ಕಾಲದ ಪಾಠ ಮುಗಿದಿತ್ತು. ಒಂಬತ್ತನೇ ತರಗತಿಯ ನಾಲ್ವರು ಬಂದು, "ಟೀಚರ್, ಪ್ರಶ್ನೋತ್ತರ ಬರೆಯುವ ಬದಲು ನಾವು ಇದರದ್ದೇ ಒಂದು ಆಟ ಮಾಡ್ತೇವೆ" ಎಂದರು. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಒಬ್ಬಳು ನಕ್ಷೆ ಬಿಡಿಸುವುದರಲ್ಲಿ ಗಟ್ಟಿಗಿತ್ತಿ. ಇನ್ನೊಬ್ಬಳು ಹಾಜರಿ ಕರೆದಾಗ ಬಿಟ್ಟರೆ ಬಾಯಿಯನ್ನೇ ತೆರೆಯದವಳು. ಆಟದ ನಿಯಮ ಮಾಡುವ ಕೆಲಸ ಅವಳದ್ದು.

ಹೆಡ್‌ಮಾಸ್ಟರು ಒಂದು ಷರತ್ತು ಹಾಕಿದರು. "ತಾಲೂಕು ಪ್ರದರ್ಶನದಲ್ಲಿ ಹೊರಗಿನವರು ಕೂತು ಆಡುವ ಹಾಗೆ ಇರಬೇಕು. ಇಲ್ಲದಿದ್ದರೆ ಮುಂದಿನ ವರ್ಷದಿಂದ ಆಟವೂ ಇಲ್ಲ, ಗೀಟವೂ ಇಲ್ಲ. ಬರೀ ಪ್ರಶ್ನೋತ್ತರ."

ಪೋರ್ಚುಗೀಸ್ ಯಾರು?

ಹಳೆಯ ಫ್ಲೆಕ್ಸ್ ಬ್ಯಾನರಿನ ಹಿಂಬದಿಯಲ್ಲಿ ನಕ್ಷೆಯ ಹುಡುಗಿ ಕಡಲಿನಿಂದ ಘಟ್ಟದವರೆಗೆ ಬಿಡಿಸಿದಳು. ದಾಳದ ಬದಲು ಒಂದು ಬದಿ ತಿಕ್ಕಿ ಬಿಳಿ ಮಾಡಿದ ಹುಣಸೆ ಬೀಜ. ಆಡುವವರು ನಾಲ್ಕು ಜನ: ಆ ಕಾಲದ ನಮ್ಮ ಅರಸುಮನೆತನಗಳಾದ ಮೂಡುಬಿದಿರೆ ಕಡೆಯ ಚೌಟರು, ಬಂಗರು, ವೇಣೂರಿನ ಅಜಿಲರು, ಮತ್ತೆ ಪೋರ್ಚುಗೀಸರು.

ಪೋರ್ಚುಗೀಸ್ ಆಗಲು ಒಬ್ಬರೂ ಒಪ್ಪಲಿಲ್ಲ. ಚೀಟಿ ಎತ್ತಿದರು. ಅದು ಹುಡುಗರಲ್ಲಿ ಉದ್ದದವನಿಗೆ ಬಂತು. ಅವನು ಮುಖ ಸಣ್ಣ ಮಾಡಿ, "ಮನೆಯಲ್ಲಿ ಕೇಳಿದರೆ ಎಂತ ಹೇಳುವುದು ಟೀಚರ್?" ಎಂದ.

ಎರಡು ಆಟ ಆಗುವಷ್ಟರಲ್ಲಿ ಅವನ ಬೇಸರ ಹೋಯಿತು. ಹಡಗುಗಳೆಲ್ಲ ಅವನದ್ದು. ದಡದಲ್ಲಿ ನಿಂತು ಎಲ್ಲರಿಂದ ಕಪ್ಪ ವಸೂಲಿ ಮಾಡುವುದು, ಗೆಲ್ಲುವುದು. ಉಳಿದಿಬ್ಬರು ಚೌಟರಾಗಿದ್ದ ನಿಯಮದ ಹುಡುಗಿಯ ಹತ್ತಿರ ಹೋಗಿ, "ಅವನ ಹಡಗು ಕಡಿಮೆ ಮಾಡು ಮಾರಾಯ್ತಿ" ಎಂದು ಅಂಗಲಾಚಿದರು. ಅವಳು ತಲೆ ಎತ್ತದೆ ಹೇಳಿದಳು, "ಹಡಗು ನಿಜವಾಗಿ ಇತ್ತಲ್ಲ. ನಾವು ಮೂರು ಜನ ಜಗಳ ಬಿಟ್ಟು ಒಟ್ಟಾಗುವ. ಆಗ ಸೋಲ್ತಾನೆ."

ನಾನು ಒಂದು ವಾರ ಪಾಠ ಮಾಡಿ ಹೇಳಲಾಗದ್ದು ಅದು. ಅವರು ಒಟ್ಟಾದರು, ಅವನು ಸೋತ.

ಆದರೆ ಅಭ್ಯಾಸ ಬಿಡಲಿಲ್ಲ. ಅವನ ಅಮ್ಮ ಫೋನು ಮಾಡಿದರು. "ಟೀಚರ್, ಇವನಿಗೆ ಶಾಲೆಯಲ್ಲಿ ಎಂತ ಕಲಿಸಿದ್ದೀರಿ? ಅಡುಗೆಕೋಣೆಯ ಬಾಗಿಲಲ್ಲಿ ಅಡ್ಡ ನಿಲ್ತಾನೆ. ಮೀನಿನ ಒಂದು ತುಂಡು ಕಪ್ಪ ಕೊಡದೆ ಅವನ ಅಪ್ಪನನ್ನೂ ಒಳಗೆ ಬಿಡುವುದಿಲ್ಲ."

ಬೊಕ್ಕಸಕ್ಕೆ ಬಿದ್ದ ಕನ್ನ

ಆಟದಲ್ಲಿ ಹಣದ ಬದಲು ಕಾಳುಮೆಣಸು. ಆ ಕಾಲದ ಜಗಳವೆಲ್ಲ ಅದಕ್ಕೇ ತಾನೇ ಎಂದು ಮಕ್ಕಳೇ ಮನೆಮನೆಯಿಂದ ತಂದು, ನಾಲ್ಕು ಡಬ್ಬಿಗೆ ತುಂಬಿ, ಸ್ಟಾಫ್ ರೂಮಿನ ಕಪಾಟಿನಲ್ಲಿ ಇಟ್ಟಿದ್ದರು. ಮಳೆಗಾಲ ಜೋರಾದ ಮೇಲೆ ಚೌಟರ ಡಬ್ಬಿ ದಿನದಿನಕ್ಕೆ ಇಳಿಯತೊಡಗಿತು.

ಎಲ್ಲರ ಅನುಮಾನ ಪೋರ್ಚುಗೀಸ್ ಹುಡುಗನ ಮೇಲೆ. ಅವನು ಪಾಪ, "ನಾನು ಕದಿಯುವುದಿದ್ದರೆ ಎದುರಿಗೇ ಕದೀತೇನೆ, ಹಡಗು ತಂದು" ಎಂದು ಅಳುವ ಹಾಗಾದ.

ಮರುದಿನ ಬಿಸಿಯೂಟದ ಅಡುಗೆಯ ಅಕ್ಕ ಒಂದು ಲೋಟ ಹಿಡಿದುಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋಗುವಾಗ ಘಾಟು ಜಗಲಿಯವರೆಗೂ ಬಂತು. ನಾನು ಹಿಂದೆಯೇ ಹೋದೆ. ಹೆಡ್‌ಮಾಸ್ಟರು ಮಫ್ಲರ್ ಸುತ್ತಿಕೊಂಡು ಕಷಾಯ ಕುಡಿಯುತ್ತಿದ್ದರು. ಅಕ್ಕ ಹೇಳಿದರು, "ಸರ್‌ಗೆ ಕೆಮ್ಮು. ಕಪಾಟಿನಲ್ಲಿ ಒಳ್ಳೆಯ ಮೆಣಸು ಉಂಟಲ್ಲ ಟೀಚರ್, ಅದನ್ನೇ ಜಜ್ಜಿದೆ."

ವಿಷಯ ತಿಳಿದ ಹೆಡ್‌ಮಾಸ್ಟರು ಲೋಟ ಕೆಳಗಿಟ್ಟರು. ಸಂಜೆ ನಾಲ್ವರನ್ನೂ ಕರೆದು, ಮನೆಯಿಂದ ತರಿಸಿದ ಮೆಣಸನ್ನು ಡಬ್ಬಿಗೆ ತಾವೇ ತುಂಬಿಸಿ ಕೊಟ್ಟರು. ಪೋರ್ಚುಗೀಸ್ ಹುಡುಗ ಅದನ್ನು ನೋಡಿ ನೋಡಿ ವಿನಯದಿಂದ ಕೇಳಿದ, "ಸರ್, ನೀವು ನಮ್ಮ ಪಾರ್ಟಿಗೆ ಬರ್ತೀರಾ?"

ಮೂವರು ಗಂಡುಮಕ್ಕಳು

ಒಂದು ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಅವರನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಬಸದಿ ನೋಡಿಕೊಳ್ಳುವ ಜೈನ ಹಿರಿಯರು ನನಗೆ ಪರಿಚಯ. ಜಗಲಿಯಲ್ಲಿ ಫ್ಲೆಕ್ಸ್ ಹಾಸಿಸಿ, ಪೂರ್ತಿ ಆಟ ಕೂತು ನೋಡಿದರು. ಅಜಿಲರಾದ ಹುಡುಗ ತನ್ನ ರಾಜ ಸತ್ತಾಗ ಹೆಮ್ಮೆಯಿಂದ 'ಮಗ' ಎಂದು ಬರೆದ ಮೂರು ಚೀಟಿ ತೆಗೆದಿಟ್ಟ.

ಹಿರಿಯರು ಕೇಳಿದರು, "ಮಗನಿಗೆ ರಾಜ್ಯ ಎಲ್ಲಿಂದ ಬಂತು? ನಮ್ಮ ಅರಸರದ್ದು ಅಳಿಯಸಂತಾನ. ತಂಗಿಯ ಮಗನಿಗೆ ಪಟ್ಟ. ಅಕ್ಕತಂಗಿಯರಿದ್ದರೆ ರಾಜ್ಯ ಉಂಟು."

ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿದ್ದ ವಿಷಯವೇ. ಪಾಠಪುಸ್ತಕದ ರಾಜರ ನಡುವೆ ಅದು ನೆನಪಿಗೇ ಬಂದಿರಲಿಲ್ಲ. ನಿಯಮದ ಹುಡುಗಿಗೆ ಬೇಸರವಾಗಬಹುದು ಎಂದುಕೊಂಡೆ, ಅಷ್ಟು ದಿನದ ಕೆಲಸ ಕೆಡುತ್ತದಲ್ಲ. ಅವಳ ಕಣ್ಣು ಹೊಳೆಯುತ್ತಿತ್ತು. "ಹಾಗಾದರೆ ಎಲ್ಲರಿಗೂ ಮೊದಲೇ ಒಂದೊಂದು ತಂಗಿ ಚೀಟಿ ಕೊಡುವ. ಅದನ್ನು ಕಳೆದುಕೊಂಡವರ ರಾಜ್ಯ ರಾಜನ ಜೊತೆಗೇ ಮುಗೀತದೆ" ಎಂದಳು. ಅಲ್ಲೇ ಕೂತು ಹೊಸ ಚೀಟಿ ಬರೆದಳು.

ಅಜಿಲ ಹುಡುಗ ಮಾತ್ರ ಕಂಗಾಲಾಗಿದ್ದ. "ಈ ಮೂವರನ್ನು ಎಂತ ಮಾಡುವುದು ಅಜ್ಜ?"

ಹಿರಿಯರು ಸಮಾಧಾನ ಹೇಳಿದರು, "ಅವರ ಸೋದರಮಾವನ ಮನೆಗೆ ಕಳಿಸು ಮಗ. ಅಲ್ಲಿ ಕೆಲಸ ಖಾಲಿ ಉಂಟು."

ಆನೆಯ ಪಿರಿಯಡ್

ಅದೇ ದಿನ ಚೌಟರ ಅರಮನೆಯ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ಕೆತ್ತನೆ ನೋಡಿದೆವು. ಆಟಕ್ಕೆ ಇನ್ನೊಂದು ನಿಯಮ ಸಿಕ್ಕಿತು: ಬೇರೆಯೇ ಸ್ತ್ರೀ ಚೀಟಿ ಮಾಡಿ, ಒಂಬತ್ತು ಕೂಡಿಸಿದವರಿಗೆ ಒಂದು ಆನೆ. ಆನೆ ಚೀಟಿಯ ಮೇಲೆ ಹಾಕಲು ಫೋಟೋ ಬೇಕಲ್ಲ, ಸೋಮವಾರ ಮೈದಾನದಲ್ಲಿ ತಾವೇ ಆನೆ ಆಗಲು ಹೊರಟರು. ಆ ದಿನ ಬಂದ ಹುಡುಗಿಯರು ಏಳೇ ಜನ. ಎರಡು ಕಾಲಿಗೆ ಹುಡುಗರು ಶಾಲು ಹೊದ್ದು ನಿಂತರು. ಸೊಂಡಿಲಾದವಳಿಗೆ ನಗು ಬಂದು ಆನೆ ಎರಡು ಸಲ ಕುಸಿಯಿತು.

ಮೂರನೇ ಸಲ ನಿಂತಾಗ ಹೆಡ್‌ಮಾಸ್ಟರು ಬಂದುಬಿಟ್ಟರು.

"ಇದು ಯಾವ ಪಿರಿಯಡ್?"

"ಗಣಿತ ಸರ್" ಎಂದಿತು ಹಿಂಗಾಲು.

ಅವರು ಕೈ ಹಿಂದೆ ಕಟ್ಟಿಕೊಂಡು ಆನೆಗೆ ಒಂದು ಸುತ್ತು ಬಂದರು. ಆಮೇಲೆ ಹೇಳಿದರು, "ಬಾಲ ಮರೆತಿದ್ದೀರಿ."

ತಂಗಿ ಉಂಟಾ?

ಪ್ರದರ್ಶನದ ದಿನ ನಮ್ಮ ಮೇಜಿಗೆ ಬಂದ ತೀರ್ಪುಗಾರರು ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಐದು ನಿಮಿಷ ನೋಡಿ ಹೋಗುವೆನೆಂದು ಬಂದವರು ಚೌಟರಾಗಿ ಕೂತರು. ಮಾತಾಡದ ನಮ್ಮ ಹುಡುಗಿ ಪಕ್ಕದಲ್ಲಿ ನಿಂತು ನಿಯಮ ವಿವರಿಸಿದಳು, ಒಂದು ತಡವರಿಕೆ ಇಲ್ಲದೆ. ಷರತ್ತು ಹಾಕಿದ್ದ ಹೆಡ್‌ಮಾಸ್ಟರು ನನ್ನ ಹಿಂದೆ ನಿಂತು ಎರಡೆರಡು ಸಲ ಕನ್ನಡಕ ಒರೆಸಿಕೊಂಡರು.

ತೀರ್ಪುಗಾರರು ಚೆನ್ನಾಗಿಯೇ ಆಡಿದರು. ಡಬ್ಬಿ ತುಂಬ ಮೆಣಸು, ಎರಡು ಆನೆ. ಬಂಗರಾಗಿದ್ದ ನಕ್ಷೆಯ ಹುಡುಗಿ, "ಸರ್, ನಿಮ್ಮ ತಂಗಿ ಚೀಟಿ ಕೊಟ್ಟರೆ ಒಂದು ಫಿರಂಗಿ ಕೊಡ್ತೇನೆ" ಎಂದಳು. ಅವರು ನಕ್ಕು ಕೊಟ್ಟೇಬಿಟ್ಟರು. ಮುಂದಿನ ಎಸೆತಕ್ಕೆ ಅವರ ರಾಜ ತೀರಿಕೊಂಡ.

"ಸರ್, ತಂಗಿ ಉಂಟಾ?" ಎಂದಳು ನಿಯಮದ ಹುಡುಗಿ.

"ಇದ್ದಾಳಲ್ಲ, ಬೆಳ್ತಂಗಡಿಯಲ್ಲಿ" ಎಂದರು ಅವರು. ಆಮೇಲೆ ತಡೆದು, "ಮಾತುಕತೆ ಅಷ್ಟಾಗಿ ಇಲ್ಲ. ಯಾಕಮ್ಮ?"

"ಆಟದಲ್ಲಿ, ಸರ್."

ವಿಷಯ ತಿಳಿದು ಅವರು ಫಿರಂಗಿಯನ್ನು ಬಂಗರ ಕಡೆ ತಳ್ಳಿದರು. "ಇದು ನಿನಗೇ ಇರಲಿ. ತಂಗಿಯನ್ನು ಕೊಡು."

ನಕ್ಷೆಯ ಹುಡುಗಿ ಚೀಟಿಯನ್ನು ಎದೆಗೆ ಒತ್ತಿಕೊಂಡಳು. "ಇಲ್ಲ ಸರ್. ಅವಳಿಗೆ ಇಲ್ಲೇ ಸುಖ ಉಂಟು."

ರಾಜ್ಯ ಹೋಯಿತು. ಅವರು ಸ್ವಲ್ಪ ಹೊತ್ತು ನಕ್ಷೆ ನೋಡುತ್ತಾ ಕೂತು, ಇಬ್ಬರು ಹುಡುಗಿಯರ ತಲೆ ನೇವರಿಸಿ ಎದ್ದು ಹೋದರು.

ಬಹುಮಾನ ಹೇಳುವ ಹೊತ್ತಿಗೆ ವೇದಿಕೆಯಲ್ಲಿ ಅವರ ಕುರ್ಚಿ ಖಾಲಿ. ಮೊದಲನೆಯದು ನಮ್ಮ ಆಟಕ್ಕೆ ಎಂದು ಇನ್ನೊಬ್ಬರು ಓದಿದರು. ಬಹುಮಾನ ಅವರ ಕೈಯಿಂದಲೇ ಬೇಕೆಂದು ಮಕ್ಕಳು ಹಠ ಹಿಡಿದರು, ನಾನು ಹುಡುಕಿಕೊಂಡು ಹೋದೆ. ಅವರು ಜಗಲಿಯ ಕೊನೆಯಲ್ಲಿ ಬೆನ್ನು ಹಾಕಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು.

"ಎಂತ ವಿಶೇಷ ಇಲ್ಲ, ಸುಮ್ಮನೆ ಮಾಡಿದೆ. ನೀನು ಆರಾಮಾ? ಊಟ ಆಯ್ತಾ?" ಆಮೇಲೆ ದನಿ ತಗ್ಗಿಸಿ ಕೇಳಿದರು, "ಮತ್ತೆ... ನಿನ್ನ ಮಗ ಹೇಗಿದ್ದಾನೆ?"