ಲೋಟಕ್ಕೆ ಬಂದ ಕಷ್ಟ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಸ್ಟೀಲ್ ಲೋಟ. ಹೊಟ್ಟೆಯ ಮೇಲೆ ಜಜ್ಜಿಸಿಕೊಂಡಿದ್ದ, ಸ್ಟಾಫ್ ರೂಮಿನಲ್ಲಿ ಯಾರೂ ತಮ್ಮದೆಂದು ಹೇಳಿಕೊಳ್ಳದ ಲೋಟ. ಕಳೆದ ವಾರದ ಪರೀಕ್ಷೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಅದನ್ನು ಎಂಟನೇ ತರಗತಿಯ ಮೇಜಿನ ಮೇಲಿಟ್ಟು, "ಇದನ್ನ ನೋಡಿ ಬರೀರಿ" ಎಂದಿದ್ದರು.

ಮಕ್ಕಳು ನೋಡಲಿಲ್ಲ, ಬರೆದರು. ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಕೆಳಗೆ ನದಿ, ದಡದಲ್ಲೊಂದು ಮನೆ, ಆಕಾಶದಲ್ಲಿ ಮಲಗಿಸಿದ ಮೂರರ ಅಂಕಿಯಂಥ ಹಕ್ಕಿಗಳು. ಇಡೀ ತರಗತಿ ಒಂದೇ ಬೆಟ್ಟ ಹತ್ತಿ ಇಳಿದಿತ್ತು. ಒಬ್ಬ ಹುಡುಗ ಮಾತ್ರ ಆ ಮನೆಯ ಬಾಗಿಲಲ್ಲಿ ಪುಟ್ಟದೊಂದು ಲೋಟ ಇಟ್ಟು ಮೇಷ್ಟ್ರ ಮಾನ ಉಳಿಸಿದ್ದ. ಮೇಷ್ಟ್ರು ಅವನಿಗೆ ಎರಡು ಅಂಕ ಕೊಟ್ಟು, ಉಳಿದವರಿಗೆಲ್ಲ ದುಂಡನೆಯ ಸೊನ್ನೆ ಸುತ್ತಿದರು. ಅಷ್ಟು ಚೆಂದದ ವೃತ್ತಗಳನ್ನು ಅವರು ಬರೆದು ವರ್ಷಗಳೇ ಆಗಿದ್ದವು.

"ರೀ, ನಿಮಗೇನು ಬಂದಿದೆ ಧಾಡಿ?" ಬೆಳಿಗ್ಗೆ ಪೇಪರಿನ ಕಟ್ಟು ಎತ್ತಿಕೊಂಡು ಹೊರಟವರನ್ನು ಹೆಂಡತಿ ಬಾಗಿಲಲ್ಲೇ ತಡೆದಳು. "ಮುಂದಿನ ವರ್ಷ ಡ್ರಾಯಿಂಗ್ ಇಟ್ಕೋಬೇಕಾ ಬೇಡ್ವಾ ಅಂತ ನಿಮ್ಮ ಹೆಡ್ ಮೇಡಂ ಮೊನ್ನೆ ತಾನೇ ಕೇಳಿದಾರೆ. ಇಂಥಾ ಹೊತ್ತಲ್ಲಿ ಸೊನ್ನೆ ಹಂಚ್ತಾರಾ ಯಾರಾದ್ರೂ?"

"ಅದಕ್ಕೇ ಕಣೇ. ಸಬ್ಜೆಕ್ಟ್ ಸುಲಭ ಅಂತ ತಾನೇ ಎಲ್ರಿಗೂ ಸಸಾರ? ಕಷ್ಟ ಅಂತ ಗೊತ್ತಾಗ್ಲಿ. ಕೆಲಸ ತಾನಾಗೇ ಉಳಿಯುತ್ತೆ."

ಶಾಲೆಯಲ್ಲಿ ವಿಷಯಗಳಿಗೂ ಮೇಲು ಕೀಳು ಇದೆ. ಲೆಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತರೆ ಡ್ರಾಯಿಂಗ್ ಅಂಗಳದಲ್ಲಿ ಕೈಕಟ್ಟಿ ನಿಂತಿರಬೇಕು. ವಾರಕ್ಕೆರಡು ಪೀರಿಯಡ್ ಡ್ರಾಯಿಂಗ್ ಮೇಷ್ಟ್ರದೆಂದು ಗೋಡೆಯ ವೇಳಾಪಟ್ಟಿ ಹೇಳುತ್ತಿತ್ತು. ಆದರೆ ಗಂಟೆ ಹೊಡೆಯುವ ಮೊದಲೇ ಲೆಕ್ಕದ ಮೇಷ್ಟ್ರು ಚಾಕ್‌ಪೀಸ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. "ಪೋರ್ಷನ್ ಉಳಿದಿದೆ ಸಾರ್. ಹೇಗೂ ನಿಮ್ದು ಸುಲಭದ್ದಲ್ವಾ." ಇವರು ಹಲ್ಲು ಬಿಟ್ಟು ಜಾಗ ಬಿಡುತ್ತಿದ್ದರು. ಇವತ್ತು ಬಿಡಲಿಲ್ಲ.

ಪೇಪರು ಹಂಚಿ ಮುಗಿಯುತ್ತಿದ್ದಂತೆ ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. ಪ್ರತಿ ವರ್ಷ ಮೊದಲ ರ್‍ಯಾಂಕು ಅವಳದೇ. ಸೊನ್ನೆಯನ್ನು ಇಷ್ಟು ಹತ್ತಿರದಿಂದ ಅವಳು ನೋಡಿದ್ದು ಇದೇ ಮೊದಲು.

"ಸಾರ್, ಹಿಂದೆ ಇದೇ ಬೆಟ್ಟಕ್ಕೆ 'ಗುಡ್' ಹಾಕಿದ್ರಿ."

"ಹಾಕಿದ್ದೆ. ಆದ್ರೆ ಸುಲಭ ಅಂದ ಮಾತ್ರಕ್ಕೆ ಇಷ್ಟು ಅಸಡ್ಡೆನಾ?"

"ಸುಲಭ ಅಂತಲ್ಲ ಸಾರ್. ಲೆಕ್ಕದಲ್ಲಿ ಒಂದು ಮಾರ್ಕ್ ಹೋದ್ರೂ ಅಪ್ಪ ಊಟಕ್ಕೆ ಕೂತಾಗ ಮುಖ ತಿರುಗಿಸ್ತಾರೆ. ನಿಮ್ದರಲ್ಲಿ ಎಷ್ಟು ಬಂತು ಅಂತ ಇವತ್ತಿನ ತನಕ ಯಾರೂ ಕೇಳಿಲ್ಲ. ಮನೇಲಿ ಬೈದ್ರೆ ಕಷ್ಟದ ಸಬ್ಜೆಕ್ಟು, ಬೈದೇ ಇದ್ರೆ ಸುಲಭದ್ದು."

"ನೀವೂ ಬೈದಿಲ್ಲ ಸಾರ್," ಹಿಂದಿನ ಬೆಂಚಿನಿಂದ ಯಾರೋ ನೆನಪಿಸಿದರು.

ಇನ್ನೆರಡು ಪೀರಿಯಡ್ ಕಳೆಯುವಷ್ಟರಲ್ಲಿ ಮೇಷ್ಟ್ರಿಗೆ ಹೆಡ್ ಮೇಡಂ ಕರೆ ಬಂತು.

ಸೊನ್ನೆಯ ಸುದ್ದಿ ಫೋನುಗಳಲ್ಲಿ ಹಬ್ಬಿ, ಆಗಲೇ ಪೋಷಕರು ಕಚೇರಿಯ ಕುರ್ಚಿಗಳನ್ನೆಲ್ಲ ತುಂಬಿದ್ದರು. ಮುಂದೆ ಕೂತವರು ಮೊದಲ ಬೆಂಚಿನ ಆ ಹುಡುಗಿಯ ತಂದೆ, ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಬ್ಯಾಂಕಿನಿಂದ ಅರ್ಧ ದಿನ ರಜೆ ಹಾಕಿ ಬಂದ ಒಬ್ಬ ತಾಯಿ. ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಡ್ರಾಯಿಂಗ್ ಮೇಷ್ಟ್ರು ಬಾಯಿ ಅರ್ಧ ತೆರೆದು ನಿಂತರು.

"ಏನ್ರೀ ಇದು? ಲೆಕ್ಕದಲ್ಲಿ ನೂರು ತೊಗೊಂಡ ಹುಡುಗಿ ಡ್ರಾಯಿಂಗಲ್ಲಿ ಸೊನ್ನೆ ತೊಗೊಳ್ತಾಳಾ? ಒಂದು ಲೋಟ ಬರೆಯೋದು ಅದೇನು ಬ್ರಹ್ಮವಿದ್ಯೆನಾ?" ಡಾಕ್ಟರು ಮೇಜು ಕುಟ್ಟಿದರು.

"ನನ್ನ ಮಗನಿಗಂತೂ ಎರಡು ಕೊಟ್ಟಿದಾರೆ. ಅದಕ್ಕಿಂತ ಸೊನ್ನೆನೇ ವಾಸಿ," ಎಂದರು ಬ್ಯಾಂಕಿನ ತಾಯಿ.

"ಮೇಷ್ಟ್ರೇ, ಈಗಲೇ ಎಲ್ರಿಗೂ ಎಂಬತ್ತು ಹಾಕಿ," ಹೆಡ್ ಮೇಡಂ ಹುಬ್ಬು ಗಂಟಿಕ್ಕಿದರು. "ಇಲ್ಲಾಂದ್ರೆ ಮುಂದಿನ ವರ್ಷದ ಮಾತು ಈಗಲೇ ಮುಗಿಸಿಬಿಡೋಣ."

ಮೂಲೆಗೆ ಒತ್ತಿದಾಗ ಬೆಕ್ಕಿಗೂ ಧೈರ್ಯ ಬರುತ್ತದೆ. ಮೇಷ್ಟ್ರು ಕೈಚೀಲದಿಂದ ಲೋಟ ತೆಗೆದು ಮೇಜಿನ ಮೇಲೆ ಠಣ್ಣೆಂದು ಇಟ್ಟರು. ಎಲ್ಲರ ಮುಂದೆ ಒಂದೊಂದು ಹಾಳೆ ಹರಡಿದರು.

"ತಾವೇ ಬರೀರಿ ಸಾರ್. ಸುಲಭ ಅಂದ್ರೆ ಈಗಲೇ ಎಂಬತ್ತು ಹಾಕ್ತೀನಿ. ಮೇಡಂ, ತಾವೂನೂ."

ಏನಾಗುತ್ತಿದೆ ಎಂದು ಇಣುಕಿದ ಲೆಕ್ಕದ ಮೇಷ್ಟ್ರಿಗೂ ಒಂದು ಹಾಳೆ ಸಿಕ್ಕಿತು. ಕಚೇರಿ ಪರೀಕ್ಷಾ ಕೊಠಡಿಯಾಯಿತು. ಡಾಕ್ಟರು ನಾಲಿಗೆ ಕಚ್ಚಿಕೊಂಡು ಬರೆದರು, ಅಳಿಸಿದರು, ಪಕ್ಕದವರ ಹಾಳೆಗೆ ಕಣ್ಣು ಹಾಯಿಸಿದರು. ಪಕ್ಕದವರು ಮೊಣಕೈ ಅಡ್ಡ ಇಟ್ಟರು.

ಮುಗಿದಾಗ ಡಾಕ್ಟರ ಲೋಟಕ್ಕೆ ಕೆಳಗೆ ಎರಡು ಬೇರು ಇಳಿದಿದ್ದವು. ಒಸಡು ಒಂದು ಬಾಕಿ. ಬ್ಯಾಂಕಿನ ತಾಯಿ ಸೀದಾ ಎರಡು ಬೆಟ್ಟ ಬರೆದು ಕೂತಿದ್ದರು. ಹೆಡ್ ಮೇಡಂ ಹೇಗೋ ಲೋಟವನ್ನೇ ಬರೆದಿದ್ದರು, ಆದರೆ ಕೈ ತಡೆಯದೆ ಅದರ ಹಿಂದಿನಿಂದ ಸೂರ್ಯನನ್ನು ಹುಟ್ಟಿಸಿಬಿಟ್ಟಿದ್ದರು. ಲೆಕ್ಕದ ಮೇಷ್ಟ್ರು ಸ್ಕೇಲು ಹಿಡಿದು ಎಳೆದದ್ದು ಬೀರುವಿನಂಥ ಒಂದು ಆಯತ.

"ಇದಕ್ಕೆ ಬಾಯಿ ಎಲ್ಲಿ ಸಾರ್?" ಡ್ರಾಯಿಂಗ್ ಮೇಷ್ಟ್ರು ಕೇಳಿದರು.

"ಬಾಯಿ ಪ್ರಶ್ನೆಯಲ್ಲಿ ಕೊಟ್ಟಿರಲಿಲ್ಲ," ಎಂದರು ಲೆಕ್ಕದ ಮೇಷ್ಟ್ರು.

ಆಮೇಲೆ ಡಾಕ್ಟರು ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, ಭಕ್ತಿಯಿಂದ ಕೆಳಗಿಟ್ಟರು.

"ಕಷ್ಟ ಇದೆ ಕಣ್ರೀ."

"ತುಂಬಾ ಕಷ್ಟ," ಬ್ಯಾಂಕಿನ ತಾಯಿ ಬೆವರೊರೆಸಿಕೊಂಡರು. "ಇದಕ್ಕೊಂದು ಟ್ಯೂಷನ್ನೇ ಬೇಕು."

ಹೆಡ್ ಮೇಡಂ ತಮ್ಮ ಹಾಳೆಯನ್ನು ಮಡಚಿ ಡ್ರಾಯರಿಗೆ ತಳ್ಳಿ ಎದ್ದು ನಿಂತರು. "ಇವತ್ತಿಂದ ಡ್ರಾಯಿಂಗ್ ನಮ್ಮಲ್ಲಿ ಮುಖ್ಯ ವಿಷಯ. ದಿನಾ ಒಂದು ಪೀರಿಯಡ್, ದಿನಾ ಟೆಸ್ಟು. ಫೇಲ್ ಆದೋರ ಮನೆಗೆ ಫೋನು!"

ಡ್ರಾಯಿಂಗ್ ಮೇಷ್ಟ್ರ ಕಣ್ಣು ತುಂಬಿ ಬಂತು. ಸಂಜೆ ಹೆಂಡತಿಯ ಮುಂದೆ ಹೇಗೆ ನಿಲ್ಲಬೇಕು, ಯಾವ ಕೈಯಿಂದ ಮೀಸೆ ತಿರುವಬೇಕು ಎಂಬುದೆಲ್ಲ ಮನಸ್ಸಿನಲ್ಲೇ ತಯಾರಾಯಿತು.

"ಒಂದ್ನಿಮಿಷ," ಡಾಕ್ಟರು ಕೈ ಎತ್ತಿದರು. "ಇಷ್ಟು ಕಷ್ಟದ ಸಬ್ಜೆಕ್ಟಲ್ಲಿ ಇಡೀ ಕ್ಲಾಸು ಫೇಲು. ಪಾಠ ಮಾಡಿದೋರು ಯಾರು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಅಲ್ಲ ಸಾರ್, ನನ್ನ ಪೀರಿಯಡ್ಡು..." ಮೇಷ್ಟ್ರು ತೊದಲಿದರು.

"ಹೌದಲ್ವಾ," ಹೆಡ್ ಮೇಡಂ ತಲೆದೂಗಿದರು. "ಸುಲಭ ಅಂತ ನಿಮ್ಮ ಕೈಗೆ ಕೊಟ್ಟಿದ್ವಿ ಮೇಷ್ಟ್ರೇ. ಕಷ್ಟ ಅಂತ ಗೊತ್ತಾದ ಮೇಲೂ ನಿಮಗೇ ಬಿಟ್ರೆ ಪೋಷಕರು ನನ್ನ ಸುಮ್ನೆ ಬಿಡ್ತಾರಾ? ನೂರಕ್ಕೆ ನೂರು ರಿಸಲ್ಟ್ ಕೊಡೋರು ಬೇಕು." ಲೆಕ್ಕದ ಮೇಷ್ಟ್ರತ್ತ ತಿರುಗಿದರು. "ಸಾರ್, ಮಧ್ಯಾಹ್ನದಿಂದಲೇ ಶುರು ಮಾಡಿ."

"ಪೋರ್ಷನ್ ಎಷ್ಟಿದೆ ಮೇಡಂ?" ಎಂದರು ಅವರು, ಸ್ಕೇಲು ಜೇಬಿಗೆ ಸಿಕ್ಕಿಸುತ್ತ.

"ಮತ್ತೆ ನಾನು?"

"ನಿಮಗೆ ಲೈಬ್ರರಿ ಪೀರಿಯಡ್. ಈ ವರ್ಷ ಮುಗಿಯೋ ತನಕ. ಮುಂದಿಂದು ಆಮೇಲೆ ನೋಡೋಣ. ಅಲ್ಲಿ ಪಾಠ ಇಲ್ಲ, ಮಕ್ಕಳು ಗಲಾಟೆ ಮಾಡದ ಹಾಗೆ ನೋಡ್ಕೊಂಡ್ರೆ ಸಾಕು."

ಕೊನೆಯ ಪೀರಿಯಡ್ಡಿಗೆ ಎಂಟನೇ ತರಗತಿ ಲೈಬ್ರರಿಗೆ ಬಂತು. ಇಳಿಬಿಸಿಲು ಕಿಟಕಿಯಿಂದ ಓರೆಯಾಗಿ ನುಗ್ಗಿ, ಹಳೆಯ ಬೆಂಚಿನ ಅಂಚಿಗೆ ಚಿನ್ನದ ಗೆರೆ ಎಳೆದಿತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕೆಲಸ ಇದ್ದರೂ ಹೋದರೂ ಈ ಬೆಳಕನ್ನು ಒಮ್ಮೆಯಾದರೂ ತೋರಿಸಬೇಕು.

"ಮಕ್ಕಳೇ, ಅಲ್ಲಿ ನೋಡಿ, ಆ ನೆರಳು ಹೇಗೆ..."

ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಲೆಕ್ಕದ ಮೇಷ್ಟ್ರು ಮಧ್ಯಾಹ್ನ ಬರೆಸಿದ ನೋಟ್ಸ್ ಮೇಲೆ ಬಗ್ಗಿ, ಮುಂದಕ್ಕೂ ಹಿಂದಕ್ಕೂ ತೂಗುತ್ತ ಗುನುಗುತ್ತಿದ್ದರು: "ಲೋಟದ ಬಾಯಿ ಅಂಡಾಕಾರ, ಲೋಟದ ತಳ ಬಾಯಿಗಿಂತ ಕಿರಿದು, ಲೋಟದ ನೆರಳು ಸದಾ ಬಲಕ್ಕೆ..."

"ನೆರಳು ಸದಾ ಬಲಕ್ಕಿರಲ್ಲಮ್ಮ," ಮೇಷ್ಟ್ರು ಮೊದಲ ಬೆಂಚಿನತ್ತ ಧಾವಿಸಿದರು. "ಎದುರಿಗೇ ಬಿಸಿಲಿದೆ, ಒಂದು ಸಲ ತಲೆ ಎತ್ತಿ ನೋಡಬಾರದಾ..."

ಮೊದಲ ರ್‍ಯಾಂಕಿನ ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಸ್ವಲ್ಪ ಸುಮ್ನಿರಿ ಸಾರ್. ನಾಳೆ ಡ್ರಾಯಿಂಗ್ ಟೆಸ್ಟು. ಬಾಯಿಪಾಠ ಮಾಡ್ತಿದ್ದೀವಿ."